ಕಡವೆ ಬೇಟೆಗೊಂದು ರೇಡಿಯೋ

ಅಣ್ಣ ಮೊದಲನೆಯ ರೇಡಿಯೋವನ್ನು ಅಡುಗೆಮನೆಯ ಗೋಡೆಗೆ ಬೀಸಿ ಹೊಡೆದ. ಆಸ್ಟ್ರೇಲಿಯಾದ ಗೋಡೆಗಳ ಹಣೆಬರಹ ಹೊರಗೆ ಇಟ್ಟಿಗೆ, ಒಳಗೆ ರಟ್ಟು. ರೇಡಿಯೋ ರಟ್ಟನ್ನು ತೂತು ಮಾಡಿಕೊಂಡು ಗೋಡೆಯೊಳಗೇ ಬಿದ್ದುಹೋಯಿತು. ಬಿದ್ದಮೇಲೂ ಅದು ಸುಮ್ಮನಾಗಲಿಲ್ಲವಂತೆ. ಅತ್ತಿಗೆ ತೂತಿನೊಳಕ್ಕೆ ಟಾರ್ಚ್ ಬಿಟ್ಟು ನೋಡಿದರೆ, ಸಾವಿರಾರು ಮೈಲಿ ಆಚೆ ಯಾವನೋ ಲಾರಿ ಡ್ರೈವರ್ ತನ್ನ ಟೊಮೆಟೊ ಲೋಡಿನ ಬಗ್ಗೆ ಸ್ಪಷ್ಟವಾಗಿ ಮಾತಾಡುತ್ತಿದ್ದನಂತೆ.

ಅತ್ತಿಗೆ ಇದನ್ನು ಫೋನಿನಲ್ಲಿ ಹೇಳುವಾಗ ನಾನು ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಆಫೀಸಿನ ಮೇಜಿನ ಮುಂದೆ ಕೂತಿದ್ದೆ. ಅಣ್ಣ ಅತ್ತಿಗೆಯರದು ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನ್. ಆಗ ಅಲ್ಲಿ ಮನೆಗಳಿಗಿಂತ ಕುದುರೆಗಳೇ ಹೆಚ್ಚು.

“ಗೋಡೆ ಹಾಳಾಗ್ಲಿ ಬಿಡೇ,” ಅಂದಳು ಅತ್ತಿಗೆ. “ಇವರ ಕೆನ್ನೆ ನೋಡಿದ್ರೆ ನಿಂಗೆ ಜೀವ ಹೋಗುತ್ತೆ. ಬೇಟೇಲಿ ಯಾರದೋ ಗುಂಡು ಮರಕ್ಕೆ ಬಡಿದು ಚಕ್ಕೆ ಸಿಡಿದು ಕೆನ್ನೆ ಸೀಳಿದೆ. ‘ನಾನಿಲ್ಲಿದೀನಿ, ಹೊಡೀಬೇಡಿ’ ಅಂತ ಇವರು ಆ ದರಿದ್ರದ್ದರಲ್ಲಿ ಬಡ್ಕೋತಾನೇ ಇದ್ರಂತೆ. ಪಕ್ಕದ ಗುಡ್ಡದವನಿಗೇ ಕೇಳಿಸಿಲ್ಲ. ನೀನು ಇರೋದೇ ಆ ಕೆಲಸದಲ್ಲಿ. ನೆಟ್ಟಗಿರೋದೊಂದು ಆರಿಸಿಕೊಡು. ಇಲ್ದಿದ್ರೆ ಮುಂದಿನ ಸಲ ಇವರು ವಾಪಸ್ ಬರಲ್ಲ.”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ನನ್ನ ಕೆಲಸ ಟ್ಯಾಕ್ಸಿ, ಆಂಬುಲೆನ್ಸ್, ಟ್ರಕ್ಕುಗಳ ಟೂ-ವೇ ರೇಡಿಯೋ ರಿಪೇರಿ ಮಾಡಿ ಪರೀಕ್ಷಿಸುವುದು. ಅಣ್ಣ ಕೊಂಡಿದ್ದು ಯಾವ ಜಾತಿಯದು ಎಂದು ಟೊಮೆಟೊ ಕೇಳಿದ ಕೂಡಲೇ ಗೊತ್ತಾಗಿತ್ತು: ಉದ್ದ ಕಡ್ಡಿ ಎಳೆಯುವ, ಅಗ್ಗದ ಹಳೇ ತರಂಗದ ಸೆಟ್ಟು. ಸೂರ್ಯನ ಮೈಮೇಲೆ ಕಲೆಗಳು ಹೆಚ್ಚಾದ ವರ್ಷಗಳಲ್ಲಿ ಆ ತರಂಗ ಆಕಾಶಕ್ಕೆ ಬಡಿದು ಎಲ್ಲೋ ದೂರ ಹೋಗಿ ಇಳಿಯುತ್ತದೆ. ಪಕ್ಕದವನ ಪ್ರಾಣ ಹೋಗುತ್ತಿದ್ದರೂ ದೂರದವನ ತರಕಾರಿ ವಿಚಾರ ಕೇಳಿಸುತ್ತದೆ. ಇಂಥದ್ದನ್ನು ಬೇಟೆಗೆ ಮಾರಿದವನ ಕಪಾಳಕ್ಕೆ ಎರಡು ಬಿಡಬೇಕು ಅನ್ನಿಸಿತು. ನಮ್ಮ ಮನೆತನದಲ್ಲಿ ಎಲ್ಲರಿಗೂ ಕೋಪ ಮೂಗಿನ ತುದಿಯಲ್ಲೇ.

ನಾವು ಹುಣಸೂರಿನಾಚೆಯವರು. ನಮ್ಮ ಕಡೆ ಬೇಟೆಯ ಮಾಂಸ ಹಂಚುವುದಕ್ಕೆ ಲೆಕ್ಕವಿತ್ತು. ಹೊಡೆದವನಿಗೆ ಕೋವಿ ಪಾಲು, ನಾಯಿಗಳಿಗೆ ನಾಯಿ ಪಾಲು, ಮತ್ತೆ ಬಿದ್ದ ಪ್ರಾಣಿಯನ್ನು ಓಡಿಹೋಗಿ ಮೊದಲು ಮುಟ್ಟಿದವನಿಗೆ ಮುಟ್ಟಿದವನ ಪಾಲು. ಪಾಲೆಂದರೆ ಒಂದು ಹಿಡಿ ಮಾಂಸ ಅಷ್ಟೆ, ಆದರೆ ಊರಲ್ಲಿ ವರ್ಷವೆಲ್ಲ ಅದರದೇ ಮಾತು. ಗುಂಡಿನ ಸದ್ದಾದರೆ ಸಾಕು, ಹುಡುಗರೆಲ್ಲ ಮುಳ್ಳು ಮೆಳೆ ನೋಡದೆ ನುಗ್ಗುತ್ತಿದ್ದರು. ಒಂದು ಸಲ ಹಂದಿಯನ್ನು ಅಣ್ಣ ಮುಟ್ಟಿದ್ದರೂ ನಮ್ಮ ದೊಡ್ಡಪ್ಪನ ಮಗ ತಾನೇ ಮುಟ್ಟಿದ್ದೆಂದು ಸುಳ್ಳು ಹೇಳಿದ. ಅಣ್ಣ ಕಲ್ಲು ತೆಗೆದುಕೊಂಡು ಅವನ ಬಾಯಿಗೆ ಹೊಡೆದ. ರಕ್ತ ಸುರಿಯುತ್ತಿದ್ದ ಆ ಹುಡುಗನೇ ಬಾಳೆಯೆಲೆಯಲ್ಲಿ ಪಾಲು ತಂದು ನಮ್ಮ ಜಗಲಿಯ ಮೇಲಿಟ್ಟು ಹೋದ. ಅಪ್ಪ ಅಣ್ಣನನ್ನು ಕಂಬಕ್ಕೆ ಕಟ್ಟಿ ಬೆಲ್ಟಿನಲ್ಲಿ ಬಾರಿಸಿದ. ಅಣ್ಣ ಪೆಟ್ಟು ತಿನ್ನುತ್ತ, “ಆದ್ರೂ ಮುಟ್ಟಿದ್ದು ನಾನೇ” ಎಂದು ಕಿರುಚುತ್ತಲೇ ಇದ್ದ.

ಅಣ್ಣ ಬಗ್ಗುತ್ತಿದ್ದುದು ಒಂದೇ ಒಂದು ದನಿಗೆ. ಅವನು ಬೇಟೆಯವರ ಹಿಂದೆ ಕಾಡಿಗೆ ಹೋದಾಗ ಅಮ್ಮ ಹಿತ್ತಲ ಬೇಲಿಯ ಹತ್ತಿರ ನಿಂತು ಅವನ ಪೂರ್ತಿ ಹೆಸರನ್ನು ಎಳೆದು ಕೂಗುತ್ತಿದ್ದಳು. ಉದ್ದದ ಹೆಸರು, ತಾತನದು. ಎಲ್ಲಿದ್ದರೂ ಬಂದುಬಿಡುತ್ತಿದ್ದ. ಅಮ್ಮ ತೀರಿಕೊಂಡ ಮೇಲೆ ಆ ಹೆಸರನ್ನು ಪೂರ್ತಿ ಕರೆಯುವವರೇ ಇರಲಿಲ್ಲ. ನನಗೆ ಅವನು ಅಣ್ಣ. ಫ್ಯಾಕ್ಟರಿಯಲ್ಲಿ ಅವನ ಹೆಸರನ್ನು ಕತ್ತರಿಸಿ ಕತ್ತರಿಸಿ ಒಂದೇ ಅಕ್ಷರಕ್ಕೆ ತಂದಿದ್ದರು. ಇನ್ನು ಅತ್ತಿಗೆ ಮೈಸೂರಿನ ಹಳೇ ಪದ್ಧತಿಯವಳು, ಗಂಡನ ಹೆಸರು ಬಾಯಲ್ಲಿ ಬಂದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದವಳು. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಅವನ ಲೈಸೆನ್ಸ್ ತೆಗೆದು ತೋರಿಸುತ್ತಿದ್ದಳು.

ವಿಕ್ಟೋರಿಯಾದ ಬೆಟ್ಟಗಳಲ್ಲಿ ಕಡವೆ ಇರುವುದು ಅಣ್ಣನಿಗೆ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಗೊತ್ತಾಯಿತಂತೆ. ನಮ್ಮದೇ ಕಡವೆ. ಬ್ರಿಟಿಷರು ಯಾವತ್ತೋ ಹಡಗಿನಲ್ಲಿ ತಂದು ಬಿಟ್ಟಿದ್ದು. ಇಲ್ಲಿಯವರ ಬಾಯಲ್ಲಿ ಅದು ಸಾಂಬಾರ್. “ನಿಮ್ಮಣ್ಣ ಮನೇಲಿ ಮಾಡಿದ ಸಾಂಬಾರ್ ಬಿಟ್ಟು ಕಾಡಿನ ಸಾಂಬಾರಿಗೆ ಓಡ್ತಾರೆ” ಎಂದು ಅತ್ತಿಗೆ ನಗುತ್ತಿದ್ದ ಕಾಲವೂ ಇತ್ತು. ಅಣ್ಣ ಕ್ರಾನ್‌ಬರ್ನ್‌ನ ಹಿತ್ತಲಲ್ಲಿ ಬೇಟೆನಾಯಿ ಸಾಕಿದ. ಅದರಲ್ಲೂ ಒಂದು ಕರಿ ಹೆಣ್ಣುನಾಯಿಯನ್ನು ಮಗಳಂತೆ ನೋಡಿಕೊಂಡ. ಚಳಿಗಾಲದ ಶನಿವಾರಗಳಲ್ಲಿ ಆಸ್ಟ್ರೇಲಿಯನ್ನರ ಒಂದು ತಂಡದ ಜೊತೆ ಹೊರಡುತ್ತಿದ್ದ. ನಾಯಿಗಳು ಕಣಿವೆಯಲ್ಲಿ ಕಡವೆಯನ್ನು ಎಬ್ಬಿಸುತ್ತವೆ. ಕೋವಿಯವರು ಸುತ್ತಲಿನ ಗುಡ್ಡಗಳಲ್ಲಿ ಒಬ್ಬರಿಗೊಬ್ಬರು ಕಾಣದಂತೆ ನಿಂತಿರುತ್ತಾರೆ. ಯಾರು ಎಲ್ಲಿದ್ದಾರೆಂದು ಗೊತ್ತಿಲ್ಲದಿದ್ದರೆ ಕಡವೆಗೆ ಇಟ್ಟ ಗುರಿ ಮನುಷ್ಯನಿಗೆ ಬೀಳುತ್ತದೆ.

ಹಾಗಾಗಿ ನಾನು ರೇಡಿಯೋ ಆರಿಸಲು ಕೂತೆ. ಕೂತೆ ಅನ್ನುವುದಕ್ಕಿಂತ ಹೊಡೆದಾಟಕ್ಕೆ ಇಳಿದೆ ಅನ್ನಬೇಕು. ಆಫೀಸಿನಲ್ಲಿ ಪರೀಕ್ಷೆಗೆಂದು ಇದ್ದ ಸೆಟ್ಟುಗಳನ್ನು ಒಂದೊಂದಾಗಿ ತಂದು ಫೈರ್ ಎಸ್ಕೇಪ್ ಮೆಟ್ಟಿಲಿನಿಂದ ಕೆಳಗೆ ಎಸೆದೆ. ನೀರಿನಲ್ಲಿ ಅದ್ದಿದೆ. ಮನೆಯ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇಟ್ಟು ಬೆಳಿಗ್ಗೆ ತೆಗೆದು ಒತ್ತಿದೆ. ಅರ್ಧಕ್ಕರ್ಧ ಸತ್ತಿದ್ದವು. ಬ್ಯಾಟರಿಗೆ ಚಳಿ ಹಿಡಿದರೆ ಮುನ್ಸೂಚನೆ ಕೊಡದೆ ಕಣ್ಣು ಮುಚ್ಚುತ್ತದೆ. ಅದಕ್ಕೇ ಇನ್ನೊಂದು ಬ್ಯಾಟರಿ ಯಾವಾಗಲೂ ಅಂಗಿಯೊಳಗೆ ಎದೆಗೆ ತಾಗಿರಬೇಕು. ಭಾನುವಾರ ಚಾಟ್ಸ್‌ವುಡ್ ಕೆಳಗಿನ ನದಿ ಕಣಿವೆಗೆ ಆಫೀಸಿನ ಗೆಳತಿಯೊಬ್ಬಳನ್ನು ಇಳಿಸಿ, ನಾನು ಮೇಲೆ ರಸ್ತೆಯಲ್ಲಿ ನಿಂತು ಕರೆದೆ. ಯುಎಚ್ಎಫ್ ಅನ್ನುವ ಹೊಸ ತರಂಗದ ಸೆಟ್ಟು ಗಂಟೆ ಬಾರಿಸಿದಷ್ಟು ಸ್ಪಷ್ಟ. ಲಾರಿ ಇಲ್ಲ, ಟೊಮೆಟೊ ಇಲ್ಲ. ಆದರೆ ನಡುವೆ ಒಂದು ಬಂಡೆ ಬಂದರೆ ಮೂಗಿ. ಅದು ಕಣ್ಣಿನ ಹಾಗೆ, ಕಂಡಲ್ಲಿಗೆ ಮಾತ್ರ ಹೋಗುತ್ತದೆ.

ಹಾಗಾದರೆ ಎತ್ತರದಲ್ಲಿ ಒಬ್ಬರು ಕೂತಿರಬೇಕು. ಎಲ್ಲ ಕಣಿವೆಗಳೂ ಕಾಣುವ ಗುಡ್ಡದ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ, ಗಾಡಿಯ ದೊಡ್ಡ ರೇಡಿಯೋದಿಂದ ಇವನ ಮಾತನ್ನು ಅವನಿಗೆ, ಅವನದನ್ನು ಇವನಿಗೆ ದಾಟಿಸಬೇಕು. ಅಷ್ಟರಲ್ಲಿ ನಮ್ಮ ಕಂಪನಿ ನನ್ನನ್ನು ಮೆಲ್ಬರ್ನಿಗೆ ವರ್ಗ ಮಾಡಿತು, ನಾನು ಬಾಕ್ಸ್ ಹಿಲ್‌ನಲ್ಲಿ ಒಂದು ಪುಟ್ಟ ಫ್ಲಾಟ್ ಬಾಡಿಗೆಗೆ ಹಿಡಿದೆ. ಗುಡ್ಡದ ನೆತ್ತಿಯಲ್ಲಿ ಕೂರುವವಳು ಯಾರೆಂದು ಯಾರೂ ಕೇಳಲಿಲ್ಲ.

ಬಾಕ್ಸ್ ಹಿಲ್‌ನ ಅಂಗಡಿಯೊಂದಕ್ಕೆ ಅಣ್ಣನನ್ನು ಕರೆದುಕೊಂಡು ಹೋದೆ. ನಾನು ಏನು ಕೇಳಿದರೂ ಮಾರುವವನು ಉತ್ತರವನ್ನು ಅಣ್ಣನಿಗೆ ಹೇಳುತ್ತಿದ್ದ. ಎಷ್ಟು ವ್ಯಾಟು ಅಂತ ನಾನು ಕೇಳಿದೆ. ಅವನು ಅಣ್ಣನ ಕಡೆ ತಿರುಗಿ ಇದಕ್ಕೆ ಲೆದರ್ ಚೀಲ ಫ್ರೀ ಅಂದ. ಬ್ಯಾಟರಿ ಚಳಿ ತಡೆಯುತ್ತಾ ಅಂತ ಕೇಳಿದೆ. ಹೆಂಗಸರು ಹಿಡಿಯುವುದಕ್ಕೆ ಹಗುರವಾಗಿದೆ ಅಂದ. ನನ್ನ ಪಿತ್ತ ನೆತ್ತಿಗೇರಿತು. ಆ ಹಗುರದ್ದನ್ನು ತಲೆಯ ಎತ್ತರಕ್ಕೆ ಎತ್ತಿ ಕೈಬಿಟ್ಟೆ. ಹಿಂದಿನ ಮುಚ್ಚಳ ಒಂದು ಕಡೆ, ಬ್ಯಾಟರಿ ಒಂದು ಕಡೆ ಹಾರಿದವು. ಅವನು ಬಾಯಿ ತೆರೆಯುವಷ್ಟರಲ್ಲಿ ಕಪಾಟಿನ ಮೂಲೆಯಲ್ಲಿದ್ದ ಕುರೂಪಿಯೊಂದನ್ನು ಎತ್ತಿ ಅಷ್ಟೇ ಎತ್ತರದಿಂದ ಬಿಟ್ಟೆ. ಐದು ವ್ಯಾಟು, ಲೋಹದ ಮೈ, ಇಟ್ಟಿಗೆಯಷ್ಟು ಭಾರ. ನೆಲದ ಟೈಲು ಬಿರಿಯಿತು. ರೇಡಿಯೋ ಬಿದ್ದಲ್ಲೇ ದೀಪ ಉರಿಸಿಕೊಂಡು ಉಸ್ಸೆನ್ನುತ್ತಿತ್ತು.

“ಇದನ್ನ ಕೊಡಿ,” ಅಂದೆ.

“ಇದೇನೇ, ಇದ್ರಲ್ಲಿ ಮಾತಾಡೋದಾ, ಯಾರನ್ನಾದ್ರೂ ಹೊಡೆಯೋದಾ?” ಅಂದ ಅಣ್ಣ.

“ಎರಡಕ್ಕೂ ಆಗುತ್ತೆ.”

ಅದರ ಜೊತೆಗೆ ಕಾಲರಿಗೆ ಸಿಕ್ಕಿಸುವ ಪುಟ್ಟ ಸ್ಪೀಕರನ್ನೂ ಕೊಂಡೆ. ಸೆಟ್ಟು ಸೊಂಟದಲ್ಲಿದ್ದರೆ ಅಣ್ಣ ಕೇಳಿಸಲಿಲ್ಲ ಅನ್ನುತ್ತಾನೆ. ಕಿವಿಯ ಬುಡದಲ್ಲೇ ಮಾತು ಬಿದ್ದರೆ ಹಾಗನ್ನಲು ಆಗುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಅಣ್ಣನದನ್ನು ನೋಡಿ ತಂಡದ ಉಳಿದವರೂ ಅದೇ ತರಂಗದ ಸೆಟ್ಟು, ಕಾಲರ್ ಸ್ಪೀಕರು ಕೊಂಡರು.

ಮೊದಲ ಶನಿವಾರ ಅತ್ತಿಗೆಯೂ ಜೊತೆಗೆ ಬಂದಳು. ಮನೆಯಲ್ಲಿ ಕೂತು ಫೋನ್ ಕಾಯುವುದಕ್ಕಿಂತ ಇದು ವಾಸಿ ಎಂದು ಪುಳಿಯೋಗರೆ ಡಬ್ಬಿ, ಫ್ಲಾಸ್ಕು ತೆಗೆದುಕೊಂಡು ಗಾಡಿ ಹತ್ತಿದಳು. ನಾನು ಅವಳಿಗೂ ಪಾಠ ಹೇಳಿದೆ.

“ನೋಡು, ಮೊದಲು ಕೇಳಿಸ್ಕೋ. ಬೇರೆಯವರು ಮಾತಾಡ್ತಿದ್ರೆ ಒತ್ತಬೇಡ. ಇಬ್ಬರು ಒಟ್ಟಿಗೆ ಒತ್ತಿದ್ರೆ ಯಾರ ಮಾತೂ ಯಾರಿಗೂ ಹೋಗಲ್ಲ. ಸಂದು ಸಿಕ್ಕಿದಾಗ ಒತ್ತು, ಒಂದು ಉಸಿರು ತಡಿ, ಆಮೇಲೆ ಹೇಳು. ಹೆಸರು ಹೇಳಿ ಕರೀಬೇಕು, ಯಾರಿಗೆ ಅಂತ ಗೊತ್ತಾಗ್ಬೇಕಲ್ಲ.”

ಅತ್ತಿಗೆ ಕೇಳಿಸಿಕೊಂಡಳು. ಸಂದಿಗೆ ಕಾದಳು. ಒತ್ತಿ ಒಂದು ಉಸಿರು ತಡೆದಳು. ಆಮೇಲೆ, “ರೀ, ಕೇಳಿಸ್ತಾ?” ಅಂದಳು.

ನಾನು ಹಣೆ ಚಚ್ಚಿಕೊಂಡೆ. ಆದರೆ ತಂಡದವರಿಗೆ ಅದು ಹಿಡಿಸಿತು. ಅವರಿಗೆ ಬಾಯಿ ತಿರುಗದ ಹೆಸರಿಗಿಂತ ಇದು ಸಲೀಸು. ಮಧ್ಯಾಹ್ನದ ಹೊತ್ತಿಗೆ ಅವರೆಲ್ಲ ಅಣ್ಣನನ್ನು ರೀ ಎಂದೇ ಕರೆಯುತ್ತಿದ್ದರು. “ರೀ, ಯೂ ದೇರ್, ಮೇಟ್?” ಎಂದು ಗಡ್ಡದ ಗಂಡಸರ ಗೊಗ್ಗರು ದನಿ ಬಂದಾಗಲೆಲ್ಲ ಅತ್ತಿಗೆ ನಾಚಿಕೊಂಡು ಸೆರಗಿಲ್ಲದ ಜಾಕೆಟ್ಟಿನಲ್ಲಿ ಸೆರಗು ಹುಡುಕುತ್ತಿದ್ದಳು.

ತಂಡದ ಯಜಮಾನ ಒಬ್ಬ ಮುದುಕ, ಕಸಾಯಿಯ ಕೆಲಸ ಮಾಡಿ ನಿವೃತ್ತನಾದವನು. ಅವನ ನಿಯಮ ಒಂದೇ. ಗುಂಡು ಹಾರಿದ ಕೂಡಲೇ ಎಲ್ಲರೂ ನಿಂತಲ್ಲೇ ನಿಲ್ಲಬೇಕು, ಒಬ್ಬೊಬ್ಬರಾಗಿ ರೇಡಿಯೋದಲ್ಲಿ ಎಲ್ಲಿದ್ದೇವೆಂದು ಹೇಳಬೇಕು, ಅವನು ಕ್ಲಿಯರ್ ಅನ್ನುವವರೆಗೆ ಒಂದು ಹೆಜ್ಜೆ ಇಡಬಾರದು. ಅಣ್ಣ ಅದಕ್ಕೆ ತಲೆಯಾಡಿಸುತ್ತಿದ್ದ. ಆದರೆ ಪ್ರತಿ ಸಲ ಕ್ಲಿಯರ್ ಬರುವ ಮೊದಲೇ ನಾಲ್ಕು ಹೆಜ್ಜೆ ಹಾಕಿರುತ್ತಿದ್ದ. ಬಿದ್ದ ಕಡವೆಯ ಮೈ ಮೇಲೆ ಮೊದಲು ಅಂಗೈ ಇಟ್ಟು, ಉಳಿದವರು ಬರುವುದನ್ನು ಕಾಯುತ್ತ ನಗುತ್ತಿದ್ದ. ಅವರಿಗೆ ಮುಟ್ಟಿದವನ ಪಾಲು ಎಂದರೆ ಏನೆಂದೇ ಗೊತ್ತಿರಲಿಲ್ಲ. ಯಾರೂ ಇಲ್ಲದ ಪಂದ್ಯದಲ್ಲಿ ನಮ್ಮಣ್ಣ ಒಬ್ಬನೇ ಓಡಿ ಒಬ್ಬನೇ ಗೆಲ್ಲುತ್ತಿದ್ದ.

“ಇನ್ನೊಂದ್ಸಲ ಹೀಗೆ ಮಾಡಿದ್ರೆ ನಾನೇ ಕೆಳಗಿಳಿದು ಬಂದು ಕಾಲು ಮುರೀತೀನಿ,” ಎಂದು ನಾನು ರೇಡಿಯೋದಲ್ಲೇ ಬೈದೆ.

“ಕಾಲು ಮುರಿದ್ರೆ ತೆವಳ್ಕೊಂಡು ಹೋಗಿ ಮುಟ್ತೀನಿ ಕಣೇ,” ಅಂದ.

ನಮ್ಮ ಕನ್ನಡ ಅವರಿಗೆ ಹಕ್ಕಿಯ ಕೂಗಿನ ಹಾಗೆ ಕೇಳಿಸಿರಬೇಕು, ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಕೆಲವು ವಾರಗಳಾದ ಮೇಲಿನ ಒಂದು ಶನಿವಾರ, ನಾನೂ ಅತ್ತಿಗೆಯೂ ಎಂದಿನಂತೆ ನೆತ್ತಿಯ ಗಾಡಿಯಲ್ಲಿದ್ದೆವು, ಬೆಳಗಿನಿಂದ ಮಂಜು ಕವಿದಿತ್ತು. ಹನ್ನೊಂದರ ಹೊತ್ತಿಗೆ ಬಿಸಿಲು ಬಂದು ಕಣಿವೆಯ ಜರೀಗಿಡಗಳ ಮೇಲಿಂದ ಹೊಗೆಯೇಳತೊಡಗಿತು. ತಂಡಕ್ಕೆ ಹೊಸಬನೊಬ್ಬ ಬಂದಿದ್ದ, ಯಜಮಾನನ ಅಳಿಯ, ಕೆಂಪು ಗಡ್ಡದವನು. ಕೈಯಲ್ಲಿ ಕೋವಿ ಇರುವುದೇ ಅವನಿಗೆ ದೊಡ್ಡ ಸಂಭ್ರಮ. ಅವನು ಹೊಳೆಯ ಆಚೆ ದಡ, ಅಣ್ಣ ಈಚೆ ದಡ. ಮನುಷ್ಯನೆಂದು ದೂರದಿಂದ ಗುರುತು ಸಿಗಲೆಂದು ಬೇಟೆಯವರೆಲ್ಲ ಹಾಕುವ ಕೇಸರಿ ಟೋಪಿಯನ್ನು ಅಣ್ಣ ಬಿಸಿಲಿಗೆ ತೆಗೆದು ಜೇಬಿಗೆ ತುರುಕಿದ್ದ ಎನ್ನುವುದು ಆಮೇಲೆ ತಿಳಿಯಿತು. ಮೈಮೇಲೆ ಇದ್ದದ್ದು ಕಂದು ಉಣ್ಣೆಕೋಟು.

ನಾಯಿಗಳ ಬೊಗಳು ಕಣಿವೆಯ ತಳದಲ್ಲಿ ಒಂದೆಡೆ ನಿಂತಿತು. ಕಡವೆಯನ್ನು ನೀರಿಗೆ ಕೆಡವಿ ಸುತ್ತುಗಟ್ಟಿದ್ದವು. ಒಂದು ಗುಂಡಿನ ಸದ್ದು. ರೇಡಿಯೋದಲ್ಲಿ ಕೆಂಪು ಗಡ್ಡದವನು ಕೂಗಿದ: ಬಿತ್ತು, ಬಿತ್ತು, ದೊಡ್ಡ ಕೊಂಬಿನದು!

“ನೋಬಡಿ ಮೂವ್,” ಅಂದಿತು ಯಜಮಾನನ ದನಿ. “ಒಬ್ಬೊಬ್ಬರಾಗಿ ಹೇಳಿ.”

ಒಬ್ಬೊಬ್ಬರಾಗಿ ಹೇಳಿದರು. ಅಣ್ಣನೂ ಇಂಗ್ಲಿಷಿನಲ್ಲಿ ಸರಿಯಾಗಿ, “ರೀ, ಈಸ್ಟ್ ಬ್ಯಾಂಕ್” ಅಂದ. ಆ ಬಡ್ಡಿಮಗನ ರೇಡಿಯೋ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತೆಂದರೆ ಅವನ ಏದುಸಿರೂ ಕೇಳುತ್ತಿತ್ತು. ಮತ್ತೆ ಒತ್ತಿ ಕನ್ನಡದಲ್ಲಿ ನನಗೆ ಹೇಳಿದ: “ನಾನೇ ಕಣೇ ಹತ್ರ ಇರೋದು. ನಮ್ಮ ಕರಿಯಮ್ಮ ಆಗ್ಲೇ ಹೋಗಿ ಬಾಯಿ ಹಾಕಿದಾಳೆ. ಹೋಗಿ ಮುಟ್ತೀನಿ.”

ಕರಿಯಮ್ಮ ಎಂದರೆ ಆ ಕರಿ ನಾಯಿ. ನಾನು ಕೂಡಲೇ ಒತ್ತಿ, “ಅಣ್ಣಾ, ನಿಂತ್ಕೋ” ಅಂದೆ. ಉತ್ತರವಿಲ್ಲ. ಯಜಮಾನ ಸಿಟ್ಟಿನಿಂದ, ರೀ ಈಗ ಏನಂದ ಎಂದು ಕೇಳಿದ. ಅವನು ನಡೀತಿದಾನೆ, ಹೊಳೆಗೆ ಇಳೀತಿದಾನೆ ಎಂದು ಹೇಳಬೇಕೆಂದು ನಾನು ಒತ್ತುವುದಕ್ಕೂ ಆಚೆ ದಡದಿಂದ ಕೆಂಪು ಗಡ್ಡದವನು ಒತ್ತುವುದಕ್ಕೂ ಸರಿಹೋಯಿತು. ಬೆರಳೆತ್ತಿದರೆ ಸ್ಪೀಕರಿನಲ್ಲಿ ಕಬ್ಬಿಣ ಉಜ್ಜಿದ ಕಿರುಚು. ಅದರ ನಡುವೆ ಅವನ ಮಾತಿನ ತುಂಡುಗಳು: ಎದ್ದಿದೆ… ಕಂದು ಕಾಣ್ತಿದೆ… ಜರೀಗಿಡದಲ್ಲಿ ಅಲ್ಲಾಡ್ತಿದೆ…

ಕಡವೆ ಎದ್ದಿರಲಿಲ್ಲ. ಅಲ್ಲಾಡುತ್ತಿದ್ದದ್ದು ನಮ್ಮಣ್ಣನ ಕೋಟು.

ನಾನು ಮತ್ತೆ ಒತ್ತಿ ಹೊಡೀಬೇಡ ಎಂದು ಅರಚಿದೆ. ಯಜಮಾನನೂ ಒತ್ತಿ ಅರಚಿದ. ಇನ್ಯಾರೋ ಇಬ್ಬರು ಒತ್ತಿದರು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದೆವು, ಆದರೆ ಕಣಿವೆಯಲ್ಲಿ ಬರೀ ಕಿರುಚು. ಕಲಿಸಿದವಳು ನಾನೇ, ಮರೆತವಳೂ ನಾನೇ. ಮೈಕಿನ ಗುಂಡಿಯನ್ನು ಮುರಿಯುವ ಹಾಗೆ ಒತ್ತಿಹಿಡಿದಿದ್ದೆ.

ಅತ್ತಿಗೆ ನನ್ನ ಮುಂಗೈಗೆ ಬಲವಾಗಿ ಹೊಡೆದಳು. ಮೈಕು ಜಾರಿ ಅವಳ ಕೈಗೆ ಹೋಯಿತು. ಅವಳು ಕೇಳಿಸಿಕೊಂಡಳು. ಕಿರುಚು ಒಂದು ಗಳಿಗೆ ನಿಂತಿತು, ಗುರಿಯಿಡಲು ಎರಡೂ ಕೈ ಬೇಕೆಂದು ಕೆಂಪು ಗಡ್ಡದವನು ಬಿಟ್ಟಿರಬೇಕು, ಉಳಿದವರು ಉಸಿರೆಳೆದುಕೊಳ್ಳುತ್ತಿರಬೇಕು. ಅವಳು ಒತ್ತಿದಳು. ಒಂದು ಉಸಿರು ತಡೆದಳು. ಆಮೇಲೆ ಅಣ್ಣನ ಹೆಸರು ಕೂಗಿದಳು. ಪೂರ್ತಿ ಹೆಸರು, ಎಳೆದು, ರೀ ಇಲ್ಲದೆ, ಅವರೇ ಇವರೇ ಇಲ್ಲದೆ, ಬೇಲಿಯ ಹತ್ತಿರ ನಿಂತವಳು ಕೂಗುವ ಹಾಗೆ.

ಸ್ಪೀಕರಿನಲ್ಲಿ ಅಣ್ಣನ ದನಿ ಬಂತು, “ಏನ್—”

ಆ ಮಾತಿನ ಮೇಲೆಯೇ ಗುಂಡಿನ ಸದ್ದು. ರೇಡಿಯೋ ಸತ್ತಂತಾಯಿತು. ಒಂದೆರಡು ಉಸಿರಿನ ನಂತರ ಅದೇ ಗುಂಡಿನ ಸದ್ದು ಕಣಿವೆಯಿಂದ ಗಾಳಿಯಲ್ಲಿ ಏರಿಕೊಂಡು ನಮ್ಮನ್ನು ಮುಟ್ಟಿತು. ಮಾತು ಬೇಗ ಬರುತ್ತದೆ, ಸದ್ದು ನಿಧಾನ ಬರುತ್ತದೆ, ಇದು ಓದಿದ ವಿಷಯವೇ. ಆದರೂ ನನಗೆ ಅಣ್ಣನನ್ನು ಎರಡು ಸಲ ಹೊಡೆದ ಹಾಗಾಯಿತು.

“ರೀ?” ಅಂದ ಯಜಮಾನ. “ರೀ, ಕಮ್ ಇನ್. ರೀ?”

ಅತ್ತಿಗೆ ಮೈಕನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. “ನಾನೇ ಕೊಂದೆ ಕಣೇ,” ಅಂದಳು. “ಹೆಸರು ಹಿಡಿದುಬಿಟ್ಟೆ.” ನಾನು ಅವಳನ್ನು ಹಿಡಿದು ಅಲ್ಲಾಡಿಸಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವಳಿಗೆ ಕೇಳಿಸಲಿಲ್ಲ.

ಆಮೇಲೆ ರೇಡಿಯೋ ತೆರೆಯಿತು. ಮೊದಲು ನೀರಿನ ಸದ್ದು. ಆಮೇಲೆ ಅಣ್ಣನ ದನಿ, ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ: “ನನ್ನ ಮಗಳನ್ನ ಕೊಂದ.”

ಜರೀಗಿಡಗಳಲ್ಲಿ ಬಗ್ಗಿ ನಡೆಯುತ್ತಿದ್ದವನು ಹೆಸರು ಕೇಳಿ ಅಲ್ಲೇ ನೆಟ್ಟಗೆ ನಿಂತಿದ್ದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಎದೆ ಇರುತ್ತಿದ್ದ ಜಾಗದಲ್ಲಿ ಗುಂಡು ಹಾದುಹೋಗಿ, ಕಡವೆಯ ಕುತ್ತಿಗೆ ಕಚ್ಚಿ ನಿಂತಿದ್ದ ಕರಿ ನಾಯಿಯನ್ನು ಹೊಕ್ಕಿತ್ತು.

ಮುಂದಿನದನ್ನು ನಾವು ನೋಡಲಿಲ್ಲ, ಕೇಳಿದೆವು. ಅಣ್ಣ ರೇಡಿಯೋವನ್ನು ಮುಷ್ಟಿಯಲ್ಲಿ ಹಿಡಿದು ಹೊಳೆ ದಾಟಿದ. ಅವನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ನೀರು ಚಿಮ್ಮುವುದು, ಕಲ್ಲು ಉರುಳುವುದು, ಆ ಹುಡುಗ ಸಾರಿ ಸಾರಿ ಎಂದು ಅಳುವುದು, ಆಮೇಲೆ ಮೊದಲ ಪೆಟ್ಟು. ಲೋಹ ಎಲುಬಿಗೆ ಬಡಿದ ಸದ್ದು. ಮತ್ತೊಂದು. ಮತ್ತೊಂದು. ಒಂದೊಂದು ಪೆಟ್ಟೂ ನಮ್ಮ ಗಾಡಿಯಲ್ಲಿ, ಕಣಿವೆಯ ಎಲ್ಲ ಕಾಲರುಗಳಲ್ಲಿ ಮೊಳಗಿತು. ಅವನ ಬೆರಳು ಗುಂಡಿಯ ಮೇಲಿದ್ದುದರಿಂದ ಯಾರೂ ಅವನಿಗೆ ನಿಲ್ಲಿಸು ಎಂದು ಹೇಳುವಂತಿರಲಿಲ್ಲ. ಐದು ವ್ಯಾಟಿನ ಆ ಗಟ್ಟಿ ಮೈಯನ್ನು ನಾನೇ ಆರಿಸಿದ್ದೆ. ಸಾಕು ಅನ್ನುವುದಕ್ಕಿಂತ ಮೊದಲು, ಹೊಡಿ ಎಂದು ನನ್ನ ಮನಸ್ಸು ಒಂದು ಸಲ ಹೇಳಿತು ಎಂಬುದನ್ನೂ ಬರೆದುಬಿಡುತ್ತೇನೆ. ಕೊನೆಗೆ ಯಜಮಾನನ ದನಿ ರೇಡಿಯೋದ ಹತ್ತಿರದಲ್ಲೇ ಕೇಳಿತು, ಒದ್ದಾಟದ ಸದ್ದು, ಆಮೇಲೆ ಏನೂ ಇಲ್ಲ.

ಹುಡುಗನ ಎರಡು ಹಲ್ಲು ಹೋಗಿದ್ದವು, ದವಡೆ ಬಿರುಕು ಬಿಟ್ಟಿತ್ತು. ರೇಡಿಯೋಗೆ ಏನೂ ಆಗಿರಲಿಲ್ಲ. ಅಳಿಯನ ಕೋವಿಯನ್ನು ಯಜಮಾನನೇ ಕಸಿದು ಬಂಡೆಗೆ ಹೊಡೆದು ಹಿಡಿ ಮುರಿದು ಹಾಕಿದ. ಪೊಲೀಸು ಗಿಲೀಸು ಏನೂ ಬೇಡ, ಈ ತಂಡ ಇವತ್ತಿಗೆ ಮುಗಿಯಿತು ಅಂದ. ಕಡವೆಯನ್ನು ಕೊಯ್ಯುವಾಗ ಏನು ಬೇಕೋ ತಗೋ ಎಂದು ಅಣ್ಣನಿಗೆ ಹೇಳಿದ. ಅಣ್ಣ ಎರಡು ತುಂಡು ತೆಗೆದುಕೊಂಡ.

“ಇದು ನಾಯಿ ಪಾಲು,” ಎಂದು ನನಗೆ ತೋರಿಸಿದ. “ಇದು ಮುಟ್ಟಿದವರ ಪಾಲು. ಮೊದಲು ಮುಟ್ಟಿದ್ದು ಅವಳೇ.”

ಎರಡನ್ನೂ ನಾಯಿಯ ಜೊತೆ ಅದೇ ಕಂದು ಕೋಟಿನಲ್ಲಿ ಸುತ್ತಿ ಗಾಡಿಯ ಹಿಂದೆ ಮಲಗಿಸಿದ. ಸಂಜೆ ಬೆಳಕಿರುವಾಗಲೇ ಕ್ರಾನ್‌ಬರ್ನ್‌ನ ಹಿತ್ತಲಲ್ಲಿ ಗುಂಡಿ ತೋಡಿ ಮೂರನ್ನೂ ಒಟ್ಟಿಗೆ ಮಣ್ಣು ಮಾಡಿದ. ಅಷ್ಟು ಹೊತ್ತೂ ಅವನು ಅತ್ತಿಗೆಯ ಕಡೆ ನೋಡಿರಲಿಲ್ಲ. ಕೈ ತೊಳೆದುಕೊಂಡು ಅಡುಗೆಮನೆಗೆ ಬಂದು ನಿಂತ.

“ಹೆಸರು ಹಿಡಿದು ಕರೆದ್ಯಲ್ಲೇ,” ಅಂದ. ಬೈಯುತ್ತಾನೆಂದು ನಾನು ನಡುವೆ ಹೋಗಲು ಎದ್ದೆ. ಅವನು ಕುರ್ಚಿಯಲ್ಲಿ ಕುಸಿದು ಕೂತ. “ಅಮ್ಮ ಕರೆದ ಹಾಗಾಯ್ತು. ಊಟಕ್ಕೆ ಕರೆದ ಹಾಗೆ. ಹಿಂದಕ್ಕೆ ತಿರುಗಿ ನೋಡ್ದೆ.” ಆಮೇಲೆ ಅಳತೊಡಗಿದ. ಅಪ್ಪನ ಬೆಲ್ಟಿಗೂ ಅಳದವನು ಅವನು.

ಆಮೇಲೆ ಆ ಚಳಿಗಾಲ ಮುಗಿಯುವವರೆಗೂ ಅವನು ಕಾಡಿಗೆ ಹೋಗಲಿಲ್ಲ. ಆದರೆ ಕೋವಿಯನ್ನು ಶೆಡ್ಡಿನಲ್ಲಿ ಎಣ್ಣೆ ಹಚ್ಚಿ ಇಟ್ಟಿದ್ದ. ಬೇರೊಂದು ತಂಡದವರು ಫೋನ್ ಮಾಡುತ್ತಲೂ ಇದ್ದರು. ಫೋನ್ ಬಂದಾಗಲೆಲ್ಲ ಅತ್ತಿಗೆಯ ಕೈಯಲ್ಲಿದ್ದ ಸೌಟು ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ.

ಒಂದು ಭಾನುವಾರ ಬೆಳಿಗ್ಗೆ ಮೂವರೂ ಅಡುಗೆಮನೆಯಲ್ಲಿದ್ದೆವು. ಗೋಡೆಯ ತೂತಿನ ಮೇಲೆ ಕ್ಯಾಲೆಂಡರ್ ನೇತುಹಾಕಿತ್ತು. ಅತ್ತಿಗೆ ದೋಸೆ ಹುಯ್ಯುತ್ತಿದ್ದಳು. ಅಣ್ಣ ಇದ್ದಕ್ಕಿದ್ದಂತೆ, “ಒಂದ್ಸಲ ಕರಿಯೇ,” ಅಂದ.

“ಏನ್ ರೀ?”

“ನನ್ನ ಹೆಸರು. ಆವತ್ತು ಕರೆದ ಹಾಗೆ.”

ಅತ್ತಿಗೆ ದೋಸೆ ಮಗುಚಿದಳು. “ಅದು ಸುಮ್ಸುಮ್ನೆ ಕರಿಯೋದಲ್ಲ. ಬೇಕಾದ್ರೆ ಇನ್ನೊಂದ್ಸಲ ಕೋವಿ ತಗೊಂಡು ಹೋಗಿ ಗುಂಡಿಗೆ ಎದೆ ಕೊಟ್ಟು ನಿಂತ್ಕೊಳ್ಳಿ. ಆಗ ಕರೀತೀನಿ.”

ಅಣ್ಣ ಖಾಲಿ ತಟ್ಟೆಯನ್ನು ಅವಳ ಕಡೆ ತಳ್ಳಿದ. “ಕೋವಿ ಮಾರಿಬಿಡ್ತೀನಿ ಕಣೇ. ಆಗ ಕರೀತೀಯಾ?”

“ಮಾರಿದ ಮೇಲೆ ಕರಿಯೋ ಅಗತ್ಯ ಏನಿದೆ?” ಅಂದಳು ಅತ್ತಿಗೆ, ದೋಸೆಯನ್ನು ಅವನ ತಟ್ಟೆಗೆ ಹಾಕುತ್ತ.

ಅಣ್ಣ ಆ ವಾರವೇ ಕೋವಿ ಮಾರಿದ. ಅತ್ತಿಗೆ ಇವತ್ತಿನವರೆಗೂ ಆ ಹೆಸರು ಕರೆದಿಲ್ಲ.